ಹೂ ಕಟ್ಟುವ ಕೈ ಯಾರದು

ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳುಗಳು ಮಡಚಲಿಲ್ಲ. ಯಲಹಂಕದ ಫಿಸಿಯೋಥೆರಪಿ ಹುಡುಗಿ ಹೇಳಿದ ಉಪಾಯ ಕೇಳಿ ಸಿಟ್ಟೇ ಬಂತು.

"ಆಂಟಿ, ನಿಮ್ ಕೈಗೆ ಚೆನ್ನಾಗಿ ಗೊತ್ತಿರೋ ಕೆಲಸಾನ ಯಾರಾದ್ರೂ ಮಾಡೋದು ನೋಡಿ. ಆಮೇಲೆ ಕಣ್ಮುಚ್ಚಿ ನೀವೇ ಮಾಡ್ತಿದ್ದೀರ ಅಂದ್ಕೊಳಿ. ಅಷ್ಟಕ್ಕೇ ಮೆದುಳು ಕೈಗೆ ದಾರಿ ಹುಡುಕೋಕೆ ಶುರು ಮಾಡುತ್ತೆ."

ಕೂತು ಕನಸು ಕಂಡರೆ ಕೈ ಬರುತ್ತದೆಯೇ? ಆದರೂ ಒಪ್ಪಿದೆ. ನನ್ನ ಕೈಗೆ ಗೊತ್ತಿದ್ದದ್ದು ಅಮ್ಮ ಕಲಿಸಿದ ಹೂ ಕಟ್ಟುವ ಕೆಲಸ. ಎರಡು ಸುತ್ತಿನ ಗಂಟು, ಮೊಗ್ಗಿಗೆ ಮೊಗ್ಗು ಒತ್ತಿ ದಾರವೇ ಕಾಣದಂಥ ಮಾಲೆ. ಅಮ್ಮ ಹೋದ ಮೇಲೆ ಅವಳ ಕಿವಿಯೋಲೆ ಅಕ್ಕನಿಗೆ ಹೋಯಿತು, ನನಗೆ ಉಳಿದದ್ದು ಈ ಗಂಟು. ಇದೂ ಹೋದರೆ ಎಂದು ನನಗೆ ನಿಜವಾಗಿ ಭಯವಾಗಿತ್ತು.

ದಿನಾ ಸಂಜೆ ಕೋಗಿಲು ಕ್ರಾಸಿನಲ್ಲಿ ಹೂ ಮಾರುವವಳ ಪಕ್ಕ ಕೂತು ಹಸಿರು ಬಳೆಯ ಅವಳ ಕೈ ನೋಡತೊಡಗಿದೆ.

"ಅದೇನಕ್ಕ ಇಂಗೆ ನೋಡ್ತೀಯ? ದೃಷ್ಟಿ ಆಯ್ತದೆ," ಎನ್ನುತ್ತಿದ್ದಳು. ಅವಳದು ಒಂದೇ ಸುತ್ತಿನ ಸಡಿಲ ಗಂಟು. ಮೊಳ ಹಾಕುವಾಗ ಬೆರಳು ಮಡಚಿಕೊಂಡು ಕಮ್ಮಿ ಅಳೆಯುತ್ತಾಳೆ ಎಂದು ಹಿಂದೆ ನಾನೇ ಜಗಳವಾಡಿದ್ದೆ.

ಮನೆಗೆ ಬಂದು ಕಣ್ಮುಚ್ಚಿದರೆ, ಮೊದಮೊದಲು ಮನಸ್ಸಿನಲ್ಲೂ ಬೆರಳು ಮಡಚುತ್ತಿರಲಿಲ್ಲ. ನನ್ನದೇ ಕಲ್ಪನೆ, ಒಂದು ಮೊಗ್ಗು ಎತ್ತಲಾಗಲಿಲ್ಲ! ಕೆಲವು ವಾರಗಳಲ್ಲಿ ಆ ಕೈ ಸರಾಗವಾಗಿ ಓಡಿತು. ಒಂದು ದಿನ ನೋಡುತ್ತೇನೆ, ಅದಕ್ಕೆ ಹಸಿರು ಗಾಜಿನ ಬಳೆ. ನಾನು ಗಾಜಿನ ಬಳೆ ತೊಡುವವಳೇ ಅಲ್ಲ.

"ಯಾರ ಕೈ ಆದ್ರೇನಾಂಟಿ, ಓಡ್ತಿದ್ಯಲ್ಲ," ಎಂದಳು ಹುಡುಗಿ.

ಕೊನೆಗೆ ನಿಜವಾದ ಬೆರಳುಗಳೂ ಮಡಚಿದವು. ಆರ್‌.ಟಿ. ನಗರದಿಂದ ಬಂದ ಅಕ್ಕನ ಮುಂದೆ ಜಂಬದಿಂದ ಮಲ್ಲಿಗೆ ಕಟ್ಟಿದೆ. ಮೊಳ ಹಾಕುವಾಗ ಬೆರಳುಗಳು ತಾವಾಗಿಯೇ ಮಡಚಿಕೊಂಡವು.

"ಒಡಹುಟ್ಟಿದೋಳಿಗೂ ಮೊಳ ಕಮ್ಮಿನೇನೇ?" ಎಂದು ಅಕ್ಕ ನಕ್ಕಳು. ಮಾಲೆಯನ್ನು ಬೆಳಕಿಗೆ ಹಿಡಿದು ಒಂದು ಗಂಟನ್ನು ಉಗುರಿನಿಂದ ಸರಿಸಿ ನೋಡಿದಳು. "ಇದು ಅಮ್ಮನ ಗಂಟಲ್ಲ ಕಣೇ."

ಮತ್ತೆ ಕಟ್ಟಿದೆ. ಎರಡು ಸುತ್ತು ಎಂದು ಬಾಯಿಗೆ ಗೊತ್ತು, ಕೈ ಮಾತ್ರ ಒಂದಕ್ಕೇ ಎಳೆದುಬಿಡುತ್ತಿತ್ತು. ಕೈ ಬಂದದ್ದಕ್ಕೆ ಸಂತೋಷಪಡಲೋ ಅಳಲೋ ತಿಳಿಯಲಿಲ್ಲ. ಕಣ್ಮುಚ್ಚಿ ಅಮ್ಮನ ಕೈಗಳನ್ನು ಹುಡುಕಿದೆ. ಸಿಗಲೇ ಇಲ್ಲ. ಹೇಗೆ ಸಿಗಬೇಕು? ಅಮ್ಮ ನನ್ನ ಹಿಂದೆ ಕೂತು ಜಡೆ ಹಾಕುತ್ತಾ, "ಇನ್ನೊಂದ್ ಸುತ್ತು, ಈಗ ಎಳಿ," ಎಂದು ಬಾಯಲ್ಲೇ ಕಲಿಸಿದ್ದಳು. ಅವಳು ಹೂ ಕಟ್ಟುವುದನ್ನು ನಾನು ನೋಡಿಯೇ ಇರಲಿಲ್ಲ.

"ಅಕ್ಕಾ, ಹಿಂದೆ ಕೂತು ನಂಗೆ ಜಡೆ ಹಾಕ್ತೀಯಾ?"

ಅಕ್ಕ ಬಾಚಣಿಗೆ ತಂದಳು. ಇರುವ ನಾಲ್ಕು ಕೂದಲಿನ ಜಡೆ ಮುಗಿಯುವಷ್ಟರಲ್ಲಿ, ನಾನು ಕಟ್ಟುತ್ತಿದ್ದ ಮಾಲೆಯಲ್ಲಿ ಒಂದೇ ಒಂದು ಗಂಟು ಎರಡು ಸುತ್ತು ಸುತ್ತಿತ್ತು. ಅದು ಅಮ್ಮನದೋ, ಅಕ್ಕ ಕೂದಲು ಎಳೆದ ನೋವಿಗೆ ಕೈ ತಪ್ಪಿದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ.