ಕಾಲವಾದವನಿಗೆ ಯಾವ ಕಾಲ

ಇಂಗ್ಲಿಷ್ ಕಲಿಯುವ ಡಚ್ಚರನ್ನು ಗುರುತಿಸಲು ಅವರ ನೀಳಕಾಯವಾಗಲಿ ನಸುಗೆಂಪು ಮುಖವಾಗಲಿ ಬೇಕಿಲ್ಲ, ‘ಹ್ಯಾವ್’ ಎಂಬ ಒಂದೇ ಪದ ಸಾಕು. ‘ನಿನ್ನೆ ನೋಡಿದೆ’ ಎನ್ನಬೇಕಾದಲ್ಲಿ ಅವರು ಮಾತೃಭಾಷೆಯ ಅಭ್ಯಾಸಬಲದಿಂದ ‘ನಿನ್ನೆ ನೋಡಿದ್ದೇನೆ’ ಎನ್ನುತ್ತಾರೆ. ಇಂಗ್ಲಿಷೋ, ನಿನ್ನೆ ಎಂದು ಬಾಯಿಬಿಟ್ಟು ಹೇಳಿದ ಮೇಲೆ ಆ ‘ಹ್ಯಾವ್’ ಅನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಮುಗಿದದ್ದು ಮುಗಿಯಿತು ಎಂಬ ಈ ನಿಯಮವನ್ನು, ಅದು ಸ್ವಯಂ ನನ್ನದೇ ಸೃಷ್ಟಿಯೋ ಎಂಬಷ್ಟು ಅಭಿಮಾನದಿಂದ ನಾನು ಬೋಧಿಸುತ್ತಿದ್ದೆ.

ಮಂಗಳೂರಿನ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಕಲಿಸಿದ್ದ ನಾನು, ಈ ಶತಮಾನದ ಮೊದಲ ದಶಕದಲ್ಲಿ ಗಂಡನ ಉದ್ಯೋಗದ ಬೆನ್ನು ಹಿಡಿದು ಸ್ವೀಡನ್ನಿನ ನಾರ್‌ಶೋಪಿಂಗಿಗೆ ಬಂದವಳು. ಸ್ವೀಡಿಷ್ ಬಾರದ ನನಗೆ ದಕ್ಕಿದ್ದು, ವಾರಕ್ಕೊಂದು ಮಧ್ಯಾಹ್ನ ವಯಸ್ಕರಿಗೆ ಇಂಗ್ಲಿಷ್ ವ್ಯಾಕರಣ ಹೇಳುವ ಕೆಲಸ. ಐದು ಜನರ ತರಗತಿಯಲ್ಲಿ ಹೆಂಕ್ ಒಬ್ಬರು: ಹೆಂಡತಿಯೊಂದಿಗೆ ಇಲ್ಲಿಗೆ ಬಂದು ಗೋದಾಮಿನಲ್ಲಿ ದುಡಿಯುತ್ತಿದ್ದ, ಅರವತ್ತರ ಹತ್ತಿರದ ಡಚ್ ಮನುಷ್ಯ. ಇಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೆಯಬೇಕು; ನನ್ನ ನಾಲಿಗೆಗೆ ಅದು ಕೊನೆಯವರೆಗೂ ಒಗ್ಗಲಿಲ್ಲ.

ಮೊದಲ ದಿನವೇ ಅವರು ತಮ್ಮ ಒರಟು ಇಂಗ್ಲಿಷಿನಲ್ಲಿ, “ನನಗೆ ಮಾತಾಡೋದು ಕಲಿಸ್ಬೇಡಿ. ತಪ್ಪಿಲ್ಲದೆ ಬರೆಯೋದು ಕಲಿಸಿ, ವಸಂತ ಬರೋದರೊಳಗೆ” ಎಂದಿದ್ದರು. ಏಕೆಂದು ನಾನು ಕೇಳಲಿಲ್ಲ. ಕೆಂಪು ಶಾಯಿಯವರಿಗೆ ಅಷ್ಟು ವ್ಯವಧಾನ ಎಲ್ಲಿಯದು, ನೀವೇ ಹೇಳಿ.

ನವೆಂಬರಿನ ಒಂದು ದಿನ, ಮೂರೂವರೆಗೇ ಕಿಟಕಿ ಕಪ್ಪಾಗಿತ್ತು. ಕುಟುಂಬದ ಬಗ್ಗೆ ಭೂತಕಾಲದಲ್ಲಿ ಹತ್ತು ವಾಕ್ಯ ಬರೆಯಿರಿ ಎಂದಿದ್ದೆ. ಉಳಿದವರು ಕಾಫಿಗೆ ಎದ್ದಾಗ ಹೆಂಕ್ ಹಾಳೆಯನ್ನು ನನ್ನ ಮುಂದಿಟ್ಟು ನಿಂತರು. ‘ಕಳೆದ ಮಾರ್ಚಿನಲ್ಲಿ ನನ್ನ ಮಗ ಸತ್ತಿದ್ದಾನೆ.’ ‘ಹ್ಯಾಸ್’ ಹೊಡೆದುಹಾಕಿದೆ. ಪಕ್ಕದಲ್ಲಿ ‘ಮುಗಿದ ಕಾಲ’ ಎಂದು ಬರೆದೆ. ‘ಅವನು ಕಾರ್ಖಾನೆಯ ಮಾಡಿನಿಂದ ಬಿದ್ದಿದ್ದಾನೆ.’ ಅಲ್ಲೂ ಹೊಡೆದುಹಾಕಿದೆ. ‘ಹಿ ಈಸ್ ಎ ಕೇರ್‌ಫುಲ್ ಮ್ಯಾನ್.’ ‘ಈಸ್’ಗೆ ಸುತ್ತುಹಾಕಿ ‘ವಾಸ್’ ಎಂದು ಬರೆದಾಗಲಷ್ಟೇ ನನ್ನ ಕೈ ನಿಂತಿತು. ಮೂರು ಸಲ ತಿದ್ದಿದ್ದೆ. ಒಂದು ಸಲವೂ ಓದಿರಲಿಲ್ಲ.

ಹೆಂಕ್ ಹಾಳೆಯನ್ನು ನೋಡಿದರು. “ಮೊದಲಿನ ಎರಡು ಗೊತ್ತಾಯ್ತು. ಮೂರನೇದು ಯಾಕೆ?”

ಆಮೇಲೆ ಎಲ್ಲ ಹೇಳಿದರು. ಮಗ ಪೀಟರ್, ಇಪ್ಪತ್ತೇಳು ವರ್ಷ, ಇಂಗ್ಲೆಂಡಿನಲ್ಲಿ ಕಟ್ಟಡಗಳಿಗೆ ಮಾಡು ಹೊದಿಸುವ ಕೆಲಸ. ತನ್ನ ಅಜಾಗರೂಕತೆಯಿಂದಲೇ ಬಿದ್ದ ಎಂದು ಕಂಪನಿ ವರದಿ ಕೊಟ್ಟಿತ್ತು. ವಸಂತದಲ್ಲಿ ಸಾವಿನ ಕಾರಣದ ಅಧಿಕೃತ ವಿಚಾರಣೆ, ಅಲ್ಲಿ ತಂದೆ ಒಂದು ಪುಟದ ಹೇಳಿಕೆ ಓದಬಹುದು. ದುಭಾಷಿಯನ್ನು ಕೊಡುತ್ತೇವೆಂದರೂ ಇವರು ಒಪ್ಪಿರಲಿಲ್ಲ. “ನನ್ನ ಮಗನ ವಿಷಯ ಬೇರೆಯವರ ಬಾಯಲ್ಲಿ ಬರೋದು ಬೇಡ.”

ಆಗಲೂ ನಾನು ಹೇಳಿದ್ದು, “ನಿಯಮ ಹಾಗಿದೆ, ಹೆಂಕ್.” ಅವರು ಹಾಳೆ ಮಡಿಸಿ ಜೇಬಿಗಿಟ್ಟು ಹೊರಟುಹೋದರು.

“ತಿದ್ದಿದ್ದೇನೂ ತಪ್ಪಲ್ಲ ಕಣೇ. ಆದ್ರೆ ಮೊದ್ಲು ಓದ್ಬೇಕಿತ್ತು” ಎಂದರು, ಮನೆಯಲ್ಲಿ ವಿಷಯ ಕೇಳಿದ ನನ್ನ ಗಂಡ. ಹನ್ನೊಂದು ವರ್ಷದ ಅಧ್ಯಾಪನದಲ್ಲಿ ಇಷ್ಟು ಚಿಕ್ಕ ಪಾಠವನ್ನು ನನಗೆ ಯಾರೂ ಮಾಡಿರಲಿಲ್ಲ.

ಎರಡು ವಾರ ಹೆಂಕ್ ಬರಲಿಲ್ಲ. ಫೋನ್ ಮಾಡಿ ಕ್ಷಮೆ ಕೇಳಿದೆ. ಮೂರನೆಯ ವಾರ ಬಂದರು. ಚಳಿಗಾಲವಿಡೀ ತರಗತಿ ಮುಗಿದ ಮೇಲೆ ನಾವಿಬ್ಬರೂ ಕೂತು ಆ ಒಂದು ಪುಟವನ್ನು ಕಟ್ಟಿದೆವು. ಎಲ್ಲ ವಾಕ್ಯಗಳೂ ಒಂದೊಂದಾಗಿ ಮುಗಿದ ಕಾಲಕ್ಕೆ ಸರಿದವು. ಆ ‘ಈಸ್’ ಮಾತ್ರ ಹಾಗೆಯೇ ಉಳಿಯಿತು. ನಾನೂ ಅದನ್ನು ಮುಟ್ಟಲಿಲ್ಲ.

ಒಂದು ದಿನ, “ಈ ವಾಕ್ಯವನ್ನು ನಿಮ್ಮ ಭಾಷೆಯಲ್ಲಿ ಹೇಗೆ ಹೇಳ್ತೀರಿ?” ಎಂದು ಕೇಳಿದರು. ‘ಅವನು ಜಾಗ್ರತೆಯ ಹುಡುಗ’ ಎಂದು ಬರೆದು ತೋರಿಸಿದೆ.

“ಇದರಲ್ಲಿ ‘ಈಸ್’ ಯಾವುದು?”

“ಇಲ್ಲ.”

“ಹಾಗಾದರೆ ‘ವಾಸ್’?”

“ಅದೂ ಇಲ್ಲ.”

ಸತ್ತವರನ್ನು ‘ಕಾಲವಾದರು’ ಎನ್ನುವ ನಮ್ಮ ಭಾಷೆಯೇ, ಅವರು ಹೇಗಿದ್ದರೆಂದು ಹೇಳುವಾಗ ಕಾಲವನ್ನು ಕೈಬಿಡಬಲ್ಲದೆಂಬುದು ನನಗೂ ಆಗಲೇ ಹೊಳೆದದ್ದು. ಅಪ್ಪ ಹೋಗಿ ಆರು ವರ್ಷವಾಗಿದ್ದರೂ ಅಮ್ಮ ಇನ್ನೂ ‘ಅವರಿಗೆ ಚಾ ಬಿಸಿಯೇ ಬೇಕು’ ಎನ್ನುತ್ತಿದ್ದಳು. ಆ ‘ಬೇಕು’ವಿಗೂ ಕಾಲವಿಲ್ಲ, ಯಾರೂ ಅವಳನ್ನು ತಿದ್ದುವಂತಿರಲಿಲ್ಲ.

ಹೆಂಕ್ ತಮಗೆ ಅರ್ಥವಾಗದ ಆ ಅಕ್ಷರಗಳ ಮೇಲೆ ಬೆರಳಾಡಿಸಿದರು. ಆಮೇಲೆ ತಮ್ಮ ಪೆನ್ನಿನಿಂದಲೇ ‘ಈಸ್’ ಹೊಡೆದು ‘ವಾಸ್’ ಬರೆದರು. “ತಪ್ಪು ಹುಡುಕೋಕೆ ಬಂದವರಿಗೆ ಒಂದೂ ಸಿಗಬಾರದು” ಎಂದರು.

ಏಪ್ರಿಲಿನಲ್ಲಿ ಇಂಗ್ಲೆಂಡಿನಲ್ಲಿ ವಿಚಾರಣೆ ನಡೆಯಿತು; ಹೆಂಕ್ ಹೆಂಡತಿಯೊಂದಿಗೆ ಹೋದರು. ಹಿಂದಿರುಗಿದ ವಾರ ಅವರು ತರಗತಿಗೆ ಬಂದು, ಎಲ್ಲರೂ ಹೋಗುವವರೆಗೆ ಕಾದರು. ಆ ‘ವಾಸ್’ ಬಳಿ ಹಾಳೆ ಕೆಳಗಿಟ್ಟರಂತೆ, ವಿಚಾರಣಾಧಿಕಾರಿ ನೀರು ತರಿಸಿಕೊಟ್ಟರಂತೆ, ಮತ್ತೆ ಎತ್ತಿಕೊಂಡು ಕೊನೆಯವರೆಗೆ ಓದಿದರಂತೆ. ಆಕಸ್ಮಿಕ ಎಂದು ತೀರ್ಮಾನವಾಗಿತ್ತು. ಮಾಡಿನ ಅಂಚಿಗೆ ತಡೆಗಂಬಿ ಏಕಿರಲಿಲ್ಲ ಎಂಬುದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅಜಾಗರೂಕತೆ ಎಂಬ ಪದವನ್ನು ಮಾತ್ರ ಕೈಬಿಟ್ಟಿದ್ದರು.

“ಯಾರದೂ ತಪ್ಪಲ್ಲವಂತೆ” ಎಂದರು ಹೆಂಕ್. “ಅವನದೂ ಅಲ್ಲ. ನನಗೆ ಸಿಕ್ಕಿದ್ದು ಅಷ್ಟು.”

ಕೋಟು ತೊಟ್ಟು ಬಾಗಿಲವರೆಗೆ ಹೋದವರು ನಿಂತರು.

“ನಾನು ‘ವಾಸ್’ ಅಂತ ಓದಿದ್ದು ಕೇಳಿ ನನ್ನ ಹೆಂಡತಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಅವಳಿಗೆ ಹೇಳಿದೆ, ಅದು ಇಂಗ್ಲಿಷಿಗೆ ಮಾತ್ರ ಅಂತ.”