ಪಿಕ್ಚರ್ ಟ್ಯೂಬುಗಳನ್ನು ಸಾಗಿಸಿದ್ದು

ಕೊಳ್ಳೇಗಾಲದ ನನ್ನ ಟಿವಿ ರಿಪೇರಿ ಅಂಗಡಿ ಮುಚ್ಚಿದಾಗ ಸ್ಟೂಲು, ಸೋಲ್ಡರಿಂಗ್ ಕಡ್ಡಿ ಎಲ್ಲಕ್ಕೂ ಗಿರಾಕಿ ಸಿಕ್ಕರು. ಹಳೆಯ ಟಿವಿಗಳ ದಪ್ಪ ಗಾಜಿನ ಪಿಕ್ಚರ್ ಟ್ಯೂಬುಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಮನೆಗೆ ತಂದು ಬಚ್ಚಲ ಪಕ್ಕ ಇಟ್ಟೆ. ಅವುಗಳ ನಡುವೆ ಹೆಂಡತಿ ಸೀರೆ ಎತ್ತಿಕೊಂಡು ಅಡ್ಡಡ್ಡ ನಡೆಯಬೇಕಾಯಿತು.

ಗುಜರಿಯವನು ಬಂದು ನೋಡಿದ. "ಇಂದ್ಗಡ ತಾಮ್ರ ಬಿಚ್ಕತೀನಿ ಸಾ. ಗಾಜ್ನ ಮೋರಿಗ್ ವಡ್ದಾಕ್ಬುಡಿ," ಎಂದ.

ಆ ಗಾಜಿನಲ್ಲಿ ಸೀಸದ ವಿಷವಿದೆ, ಪೆಟ್ಟು ಬಿದ್ದರೆ ಚೂರು ಮುಖಕ್ಕೇ ಸಿಡಿಯುತ್ತದೆ ಎಂದೆ. ಅವನು ಗಾಡಿ ತಳ್ಳಿಕೊಂಡು ಹೋದ. ಕಸದ ಆಟೋದವರೂ ಒಲ್ಲೆ ಎಂದರು.

ಹನೂರು ಕಡೆಯ ಗೆಳೆಯನೊಬ್ಬ, ನಮ್ಮ ಹೊಲದ ಪಾಳುಬಾವಿಗೆ ಹಾಕು ಎಂದ. ನನಗೂ ಸಾಕಾಗಿತ್ತು. ಬಾಡಿಗೆ ಆಟೋಗೆ ಹೇರಿಕೊಂಡು ಹೋದೆ. ಅಲ್ಲಿ ಆಡು ಮೇಯಿಸುತ್ತಿದ್ದ ಹೆಂಗಸು ಹತ್ತಿರ ಬಂದಳು.

"ಯಾನ ಸಾ ಅದು? ಬಾವಿಗ್ ಆಕಕ್ ಬಂದ್ರಾ?"

"ಪಾಳುಬಾವಿ ಅಲ್ವೇನಮ್ಮ?"

"ಮಳ ಉಯ್ದ್ರ ನೀರ್ ನಿಂತ್ಕತದ. ಆಡ್ಗಳ್ಗ ಅದ್ನೇ ಸೇದಾಕೋದು."

ಬೈದಿದ್ದರೆ ವಾದ ಮಾಡುತ್ತಿದ್ದೆನೋ ಏನೋ. ಅವಳು ಅಷ್ಟು ಹೇಳಿ ಆಡುಗಳತ್ತ ತಿರುಗಿದಳು. ಆಟೋ ತಿರುಗಿಸಲು ಹೇಳಿದೆ.

ಮನೆ ಬಾಗಿಲಲ್ಲಿ ಹೆಂಡತಿ ಕೇಳಿದಳು, "ಮತ್ತ ತಕಂಡ್ ಬಂದ್ರಾ?"

ನಾನು ಟ್ಯೂಬುಗಳನ್ನು ಇಳಿಸತೊಡಗಿದೆ. ಅವಳೇ ಪಕ್ಕದ ಮನೆಯ ಟೆಂಪೋ ಡ್ರೈವರನ್ನು ಮಾತಾಡಿಸಿದಳು. ಅವನು ತರಕಾರಿ ಹೇರಿಕೊಂಡು ಬರಲು ಮೈಸೂರಿಗೆ ಖಾಲಿ ಗಾಡಿಯಲ್ಲಿ ಹೋಗುತ್ತಿದ್ದ. ಅಲ್ಲಿ ಎಲೆಕ್ಟ್ರಾನಿಕ್ ಕಸ ತೆಗೆದುಕೊಳ್ಳುವ ಕೇಂದ್ರವೊಂದಕ್ಕೆ ಫೋನ್ ಮಾಡಿದೆ. ಒಡೆಯದೆ ತನ್ನಿ, ಇಟ್ಟುಕೊಳ್ಳುತ್ತೇವೆ ಎಂದರು.

ಟೆಂಪೋದಲ್ಲಿ ಹಳೇ ಕೌದಿ ಹಾಸಿದೆವು. ಟ್ಯೂಬಿನ ಸಪೂರ ಕತ್ತಿಗೆ ಹರಿದ ಸೀರೆ ಸುತ್ತಿ, ಪರದೆ ಕೆಳಗೆ ಮಾಡಿ ಒಂದೊಂದನ್ನೇ ಮಲಗಿಸಿದೆವು. ಹಂಪ್ ಬಂದಾಗಲೆಲ್ಲ ಹೆಂಡತಿ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು.

ಕೇಂದ್ರದಲ್ಲಿ ಕೈಗವಸು ತೊಟ್ಟ ಹೆಂಗಸೊಬ್ಬಳು ಅವನ್ನು ಎತ್ತಿ ಕಬ್ಬಿಣದ ಪಂಜರದೊಳಗೆ ಜೋಡಿಸಿದಳು. ಗಾಜನ್ನು ಬೇರೆ ಮಾಡುವ ಕಾರ್ಖಾನೆಗೆ ಕಳಿಸುತ್ತೇವೆ ಎಂದಳು. ಅಷ್ಟಕ್ಕೆ ಮುಗಿಯಿತು. ಮನಸ್ಸು ಹಗುರವಾಗುತ್ತದೆ ಅಂದುಕೊಂಡಿದ್ದೆ, ಸೊಂಟ ನೋಯುತ್ತಿತ್ತು, ಅಷ್ಟೆ.

ಟೆಂಪೋ ತರಕಾರಿ ಹೇರಲು ಹೋದದ್ದರಿಂದ ಬಸ್ಸು ಹತ್ತಿದೆವು. ವಾಪಸು ಬರುವಾಗ ಮಾಂಬಳ್ಳಿಯ ಹಳೆಯ ಗಿರಾಕಿಯೊಬ್ಬರ ಫೋನು ಬಂತು. ಟೆಂಪೋದವನು ಆಗಲೇ ಸುದ್ದಿ ಮುಟ್ಟಿಸಿದ್ದ.

"ಹಳೇ ಟಿವಿ ಸಾಗಿಸ್ತೀರಂತಲ್ಲ. ನಮ್ಮಟ್ಟೀಲೂ ಒಂದದ ಕಣ್ರಿ. ಯಾವಾಗ್ ಬತ್ತೀರಿ?"

ಹೆಂಡತಿ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದಳು. ನಾನು ದನಿ ತಗ್ಗಿಸಿ, "ಒಡೀಬೇಡಿ, ಮೂಲೇಲಿಟ್ಟಿರಿ. ಬತ್ತೀನಿ," ಎಂದೆ.

ಅವಳು ಕಣ್ಣು ಬಿಡದೆಯೇ ಹೇಳಿದಳು, "ಕೌದಿ ಟೆಂಪೋದಲ್ಲೇ ಬುಟ್ ಬಂದ್ವಿ. ಮೊದ್ಲು ಅದ್ನ ಇಸ್ಕಳಿ."