ಗ್ಯಾಸಿನ ಗುಳಿಗೆ ಮದ್ದಲ್ಲ

ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ. "ದೋ ಹಫ್ತೆ ಸಬ್ ದವಾಯಿ ಬಂದ್ ಥಾ ನಾ?" ಎರಡು ವಾರ ಎಲ್ಲ ಮದ್ದನ್ನೂ ನಿಲ್ಲಿಸಿದ್ದಿರಿ ತಾನೆ ಎಂದು. ಅಣ್ಣನಿಗೆ ನನಗಿಂತ ಚೆನ್ನಾಗಿ ಹಿಂದಿ ಬರುತ್ತಿತ್ತು. ಆದರೆ ಆಸ್ಪತ್ರೆಯ ಕುರ್ಚಿಯಲ್ಲಿ ಕೂತರೆ ಅವನು ಬಾಯಿ ಬಿಡುತ್ತಿರಲಿಲ್ಲ, ಉತ್ತರ ಹೇಳುವುದೆಲ್ಲ ನನ್ನ ಕೆಲಸವಾಗಿತ್ತು. "ಹಾಂ ಮ್ಯಾಡಮ್, ಸಬ್ ಬಂದ್," ಎಂದೆ. ಅವರು ಕಾಗದದ ಮೇಲೆ ಗುರುತು ಹಾಕಿಕೊಂಡರು.

ಅಣ್ಣ ವಡಾಲದ ಒಂದು ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತವನು. ಅದೇ ಅಡುಗೆಮನೆಯಲ್ಲಿ ಚಟ್ನಿ, ಸಾಂಬಾರು ನನ್ನ ಪಾಲು. ಕುಂದಾಪುರದ ಕಡೆಯಿಂದ ಒಬ್ಬರ ಹಿಂದೆ ಒಬ್ಬರು ಬಂದೆವು. ಇಬ್ಬರಿಗೂ ಮದುವೆಯಾಗಲಿಲ್ಲ. ಚೆಂಬೂರಿನ ಒಂದು ಕೋಣೆಯಲ್ಲಿ ಜೊತೆಗೇ ಇದ್ದೆವು. ಅಲ್ಲಿಂದ ಬೆಳಗಿನ ಮೊದಲ ಲೋಕಲ್‌ಗಳಲ್ಲಿ ಒಂದನ್ನು ಹಿಡಿದು ಕೆಲಸಕ್ಕೆ ಹೋಗುತ್ತಿದ್ದೆವು.

ಅವನ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಆಪರೇಷನ್ ಮಾಡಿ ಮೂರರಲ್ಲಿ ಎರಡು ಪಾಲು ತೆಗೆದರು. ಉಳಿದದ್ದನ್ನು ಕರುಳಿಗೆ ಜೋಡಿಸಿ ಹೊಲಿದರು. ದಿನಕ್ಕೆ ಆರು ಸಲ, ಒಂದೊಂದು ಸಲಕ್ಕೆ ಅರ್ಧ ಬಟ್ಟಲು ಗಂಜಿ. ಒಂದು ಚಮಚ ಹೆಚ್ಚಾದರೂ ಬೆವತು ಗೋಡೆ ಹಿಡಿದು ಕೂರುತ್ತಿದ್ದ. ಹಾಗೂ ಹೀಗೂ ಚೇತರಿಸಿಕೊಳ್ಳುತ್ತಿದ್ದಾನೆ ಅನ್ನುವಾಗ, ಗಂಟಲಿನಿಂದ ನಳಿಗೆ ಇಳಿಸಿ ನೋಡಿದ ಡಾಕ್ಟರಮ್ಮ ಉಳಿದ ಹೊಟ್ಟೆಯಲ್ಲಿ ಒಂದು ಬ್ಯಾಕ್ಟೀರಿಯಾ ಇದೆ ಎಂದರು. ಬಹುಶಃ ಎಷ್ಟೋ ವರ್ಷಗಳಿಂದ ಇದ್ದದ್ದು. ಹೊಟ್ಟೆಯ ಒಳಪದರವನ್ನು ಕೆಡಿಸುತ್ತ ಬಂದು ಕ್ಯಾನ್ಸರಿಗೆ ದಾರಿ ಮಾಡಿಕೊಡುವಂಥದ್ದು. ಅದನ್ನು ಬಿಟ್ಟರೆ ಉಳಿದ ಭಾಗದಲ್ಲಿ ಮತ್ತೆ ಗಡ್ಡೆ ಏಳಬಹುದು. ಅಣ್ಣ ಅದಕ್ಕೆ "ಹುಳ" ಎಂದು ಹೆಸರಿಟ್ಟ.

ಹುಳಕ್ಕೆ ಹದಿನಾಲ್ಕು ದಿನ ಮದ್ದು, ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ. ಆಮೇಲೆ ಒಂದು ತಿಂಗಳು ಕಾದು, ಸತ್ತಿದೆಯೋ ಇಲ್ಲವೋ ನೋಡಲು ಮಲದ ಪರೀಕ್ಷೆ. ಅದಕ್ಕೆ ಮೊದಲು ಎರಡು ವಾರ ಹೊಟ್ಟೆಯ ಮದ್ದು ಯಾವುದನ್ನೂ ತೆಗೆದುಕೊಳ್ಳಬಾರದು. ಆಸಿಡ್ ತಗ್ಗಿಸುವ ಮದ್ದು ಒಳಗಿದ್ದರೆ ಹುಳ ಅಡಗಿ ಕೂರುತ್ತದೆ, ಪರೀಕ್ಷೆಗೆ ಸಿಗುವುದಿಲ್ಲ ಎಂದು ಡಾಕ್ಟರಮ್ಮ ಕೈಸನ್ನೆ ಮಾಡಿ ಹೇಳಿದ್ದರು. ಆಸ್ಪತ್ರೆಯ ಮದ್ದಿನ ಚೀಲವನ್ನು ನಾನೇ ಕಟ್ಟಿ ಅಟ್ಟದ ಮೇಲೆ ಇಟ್ಟೆ.

ಪರೀಕ್ಷೆಯ ದಿನ ಬೆಳಿಗ್ಗೆ ಅಣ್ಣ ಡಬ್ಬಿಗೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಪೇಪರ್ ಸುತ್ತಿ, ಹೋಟೆಲಿನ ದಾರದಲ್ಲಿ ಗಂಟು ಹಾಕಿದ.

"ಮೂವತ್ತ್ ವರ್ಷ ಪಾರ್ಸೆಲ್ ಕಟ್ಟಿದೆ ಮಾರಾಯ, ಇಂಥಾ ಪಾರ್ಸೆಲ್ ಕಟ್ಟಿರ್ಲಿಲ್ಲೆ."

"ಬೇಗ ಕೊಡ್ ಅಣ್ಣ, ಟ್ರೈನ್ ಹೋತ್ತ್."

"ಚಟ್ನಿ ಬೇರೆ ಕಟ್ಟುದಾ?"

ಲೋಕಲ್‌ನಲ್ಲಿ ಅದನ್ನು ಎದೆಗೆ ಹಿಡಿದು ನಿಂತಿದ್ದೆ. ಪಕ್ಕದವನು ಬಿಸಿ ಇಡ್ಲಿ ಎಂದುಕೊಂಡನೋ ಏನೋ, ಜಾಗ ಬಿಟ್ಟುಕೊಟ್ಟ. ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ ಆ ಪ್ರಶ್ನೆ ಕೇಳಿದ್ದು ಅಂದೇ.

ವರದಿಯಲ್ಲಿ ಹುಳ ಇರಲಿಲ್ಲ. ಅಣ್ಣ ಹೋಟೆಲಿಗೆ ಹೋಗಿ ಅಡುಗೆಮನೆಯಲ್ಲಿ ಎಲ್ಲರಿಗೂ ಹೇಳಿದ. ಮರುವಾರದಿಂದ ದಿನಕ್ಕೆ ಅರ್ಧ ಗಂಟೆ ಕಾವಲಿಯ ಮುಂದೆ ನಿಲ್ಲತೊಡಗಿದ. ನೀರು ಚಿಮುಕಿಸಿ, ಅದು ಚುರ್ ಎನ್ನುವುದನ್ನು ಕೇಳಿ, ಹಿಟ್ಟು ಎರೆಯುವಾಗ ಅವನ ಮೊಣಕೈ ಮೊದಲಿನ ಹಾಗೇ ತಿರುಗುತ್ತಿತ್ತು.

ಆಸ್ಪತ್ರೆಯ ಮದ್ದು ಮತ್ತೆ ಶುರುವಾಗಬೇಕಿತ್ತು. ಅದರಲ್ಲಿ ಆಸಿಡ್ ತಗ್ಗಿಸುವ ಗುಳಿಗೆ ಮುಗಿದಿತ್ತು. ಚೀಟಿ ಹಿಡಿದು ಸ್ಟೇಷನ್ ಹತ್ತಿರದ ಮೆಡಿಕಲ್‌ಗೆ ಹೋದೆ. ಅಂಗಡಿಯವನು ಬೇರೊಂದು ಗುಳಿಗೆಯ ಪಟ್ಟಿ ತೆಗೆದು ಮುಂದಿಟ್ಟ. ನೋಡಿದರೆ, ನಮ್ಮ ಅಡುಗೆಮನೆಯಲ್ಲಿ ಪ್ರತಿಯೊಬ್ಬನ ಅಂಗಿಯ ಜೇಬಿನಲ್ಲೂ ಇರುವ ಪಟ್ಟಿ.

"ಯೇ ತೋ ಗ್ಯಾಸ್ ಕೀ ಗೋಲಿ ಹೈ," ಎಂದೆ.

"ಸೇಮ್ ಹೈ ಅಂಕಲ್. ಕಂಪನಿ ಅಲಗ್." ಮದ್ದು ಅದೇ, ಕಂಪನಿ ಮಾತ್ರ ಬೇರೆ.

ಹೋಟೆಲಿನಲ್ಲಿ ಕೆಲಸ ಮಾಡದವರಿಗೆ ಇದು ತಟ್ಟನೆ ಅರ್ಥವಾಗಲಿಕ್ಕಿಲ್ಲ. ನಾವು ಹೊತ್ತಿಗೆ ಸರಿಯಾಗಿ ಉಣ್ಣುವವರಲ್ಲ. ಬೆಳಗಿನ ರಶ್ ಮುಗಿದು ತಿಂಡಿಗೆ ಕೂರುವಾಗ ಹನ್ನೊಂದಾಗಿರುತ್ತದೆ. ಅದಕ್ಕೇ ಎದ್ದ ಕೂಡಲೇ ಒಂದು ಗ್ಯಾಸಿನ ಗುಳಿಗೆ ನುಂಗಿ ಮೇಲೆ ಚಾ ಕುಡಿಯುವುದು ರೂಢಿ. ಹಲ್ಲುಜ್ಜಿದ್ದನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ, ಹಾಗೆ. ಮದ್ದೆಂದರೆ ಡಾಕ್ಟರು ಬರೆದುಕೊಟ್ಟದ್ದು. ಗ್ಯಾಸಿನ ಗುಳಿಗೆ ಮದ್ದಲ್ಲ. ಆ ಎರಡು ವಾರವೂ ಬೆಳಿಗ್ಗೆ ಒಂದು ನನಗೆ, ಒಂದು ಅವನಿಗೆ ಎಂದು ಪಟ್ಟಿಯಿಂದ ಬಿಡಿಸಿ ಅವನ ಅಂಗೈಗೆ ಹಾಕಿದ್ದು ನಾನೇ. ಅವನ ಹೊಟ್ಟೆ ಕೊಯ್ದ ಮೇಲೂ ಆ ರೂಢಿ ತಪ್ಪಿರಲಿಲ್ಲ.

ಅಂದರೆ ವರದಿಯನ್ನು ನಂಬುವಂತಿರಲಿಲ್ಲ. ಹುಳ ಅಲ್ಲೇ ಅಡಗಿರಬಹುದು.

ಆ ಸಂಜೆಯೇ ಹೇಳಬೇಕಿತ್ತು. ಕೋಣೆಗೆ ಬಂದಾಗ ಅಣ್ಣ ಊರಿಗೆ ಫೋನ್ ಮಾಡಿ, ಮುಂದಿನ ತಿಂಗಳಿಂದ ಪೂರ್ತಿ ಡ್ಯೂಟಿ ಎಂದು ಅಕ್ಕನಿಗೆ ಹೇಳುತ್ತಿದ್ದ. ಒಂದು ವಾರ ಹೀಗೇ ಇರಲಿ ಎಂದುಕೊಂಡೆ. ವಾರ ಕಳೆಯಿತು. ಅಷ್ಟು ದಿನ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆಯೂ ಈಗ ಜೊತೆಗೆ ಸೇರಿತು. ಎರಡನೆಯ ವಾರ ಹೇಳುವುದು ಇನ್ನೂ ಕಷ್ಟವಾಯಿತು. ಅವನು ಗಂಜಿಯ ಬಟ್ಟಲು ಎತ್ತಿದಾಗಲೆಲ್ಲ ಅವನ ಗಂಟಲನ್ನೇ ನೋಡುತ್ತಿದ್ದೆ. ತೇಗಿದರೆ ಬೆಚ್ಚುತ್ತಿದ್ದೆ.

"ಎಂತದಾ ಹಾಂಗ್ ಕಾಣ್ತೆ? ನನ್ನ್ ಮೋರೆ ಮೇಲೆ ಹುಳ ಹರಿತಿತ್ತಾ?" ಎಂದು ನಗುತ್ತಿದ್ದ.

ಐದು ವಾರ ಹೀಗೆ ಹೋಯಿತು. ಒಂದು ದಿನ ಅವನು ಬಟ್ಟಲನ್ನು ಅರ್ಧಕ್ಕೇ ಇಟ್ಟು ಎದೆಗೂಡಿನ ಕೆಳಗೆ ಕೈಯೊತ್ತಿಕೊಂಡ. ಮರುದಿನ ವಡಾಲ ಸ್ಟೇಷನ್ನಿನಲ್ಲಿ ಇಳಿದವನನ್ನು ಬೆಂಚಿನ ಮೇಲೆ ಕೂರಿಸಿ ಗುಳಿಗೆಯ ವಿಷಯ ಹೇಳಿದೆ. ಅವನು ಅಂಗಿಯ ಜೇಬಿನಿಂದ ಪಟ್ಟಿ ತೆಗೆದು ತಿರುಗಿಸಿ ತಿರುಗಿಸಿ ನೋಡಿದ.

"ಇದಾ? ಇದ್ ಮದ್ದಾ?"

"ಡಾಕ್ಟರಮ್ಮನ ಹತ್ರ ಎಲ್ಲ ನಿಲ್ಸಿದ್ದ್ ಅಂದವ ನಾನೇ ಅಲ್ದಾ ಅಣ್ಣ."

"ನೀನ್ ಹೇಳ್ದೆ, ಸರಿ. ನುಂಗಿದವ ಯಾರ್? ನಾನಲ್ದಾ?" ಒಂದು ಟ್ರೈನು ಬಂದು ಹೋದ ಮೇಲೆ ಕೇಳಿದ, "ನಿಂಗೆ ಯಾವಾಗ ಗೊತ್ತಾಯ್ತ್?"

"ನಿನ್ನೆ," ಎಂದೆ.

ಅವನು ತಲೆಯಾಡಿಸಿದ. ನನ್ನನ್ನು ಅನುಮಾನಿಸುವ ಅಭ್ಯಾಸ ಅವನಿಗೆ ಇರಲಿಲ್ಲ.

ಡಾಕ್ಟರಮ್ಮನಿಗೂ ನಿನ್ನೆ ಎಂದೇ ಹೇಳಿದೆ. ಅವರು ಬೈಯಲಿಲ್ಲ. ತಾವು ಗ್ಯಾಸಿನ ಗುಳಿಗೆ ಎಂದೇ ಬಿಡಿಸಿ ಕೇಳಬೇಕಿತ್ತು ಎಂದರು. ಮತ್ತೆ ಎರಡು ವಾರ ಗ್ಯಾಸಿನದೂ ಸೇರಿ ಯಾವ ಗುಳಿಗೆಯೂ ಇಲ್ಲ. ಆ ದಿನಗಳಲ್ಲಿ ಅಣ್ಣನ ಎದೆ ಉರಿದು ಕಣ್ಣಲ್ಲಿ ನೀರು ಬರುತ್ತಿತ್ತು. ಅವನ ಜೊತೆ ನಾನೂ ಬಿಟ್ಟೆ, ನನಗೂ ಉರಿಯಿತು, ಆದರೆ ನನ್ನದು ಇಡೀ ಹೊಟ್ಟೆ. ಈ ಸಲದ ವರದಿಯಲ್ಲಿ ಹುಳ ಇತ್ತು.

ಎರಡನೆಯ ಸಲದ ಮದ್ದು ಬೇರೆ, ಹೆಚ್ಚು ಕಡುವಾದದ್ದು. ಬಾಯಿ ತಾಮ್ರ ನೆಕ್ಕಿದ ಹಾಗೆ, ನಾಲಿಗೆ ಕಪ್ಪು. ಗಂಜಿಯೂ ಸೇರುತ್ತಿರಲಿಲ್ಲ. ಹತ್ತನೆಯ ದಿನ ಸಾಕು ಎಂದವನನ್ನು ನಾನು ಕೂಗಾಡಿ ನುಂಗಿಸಿದೆ. ಅವನ ಮೇಲೆ ನಾನು ದನಿ ಎತ್ತಿದ್ದು ಅದೊಂದೇ ಸಲ. ಹದಿನಾಲ್ಕು ದಿನ ಪೂರೈಸಿದ. ಮುಂದಿನ ಪರೀಕ್ಷೆಯಲ್ಲಿ ಹುಳ ನಿಜವಾಗಿಯೂ ಹೋಗಿತ್ತು. ನಾಲ್ಕು ತಿಂಗಳ ನಂತರದ ಸ್ಕ್ಯಾನಿನಲ್ಲಿ ಪಿತ್ತಜನಕಾಂಗದ ಮೇಲೆ ಮೂರು ಚುಕ್ಕೆ ಕಂಡವು. ಮಳೆಗಾಲ ಮುಗಿಯುವುದರೊಳಗೆ ಅಣ್ಣ ತೀರಿಕೊಂಡ.

ಹದಿಮೂರನೆಯ ದಿನ ಕಳೆದ ಮೇಲೆ ಕಾಗದಪತ್ರ ತರಲು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಕೂರಲು ಹೇಳಿದರು. ಕೇಳುವುದೋ ಬೇಡವೋ ಎಂದುಕೊಳ್ಳುತ್ತಲೇ ಕೇಳಿದೆ: ಆ ಗುಳಿಗೆಯಿಂದ ಹೀಗಾಯಿತೇ? ಅವರು ಇಲ್ಲ ಎಂದರು. ಪಿತ್ತಜನಕಾಂಗಕ್ಕೆ ಹೋದದ್ದು ಮೊದಲಿನ ಗಡ್ಡೆಯಿಂದಲೇ. ಆಪರೇಷನ್ನಿಗೂ ಮುಂಚೆ ಹೋಗಿ ಕೂತಿರಬೇಕು, ಕಾಣದಷ್ಟು ಸಣ್ಣದಾಗಿ. ಹುಳ ತರುವ ತೊಂದರೆ ವರ್ಷಗಟ್ಟಲೆ ಹಿಡಿಯುವಂಥದ್ದು, ನಾಲ್ಕು ದಿನದ್ದಲ್ಲ.

"ನಾಲ್ಕು ದಿನ ಅಲ್ಲ ಮ್ಯಾಡಮ್," ಎಂದೆ. "ಪಾಂಚ್ ಹಫ್ತೆ. ನನಗೆ ಗೊತ್ತಿತ್ತು. ಐದು ವಾರ ಹೇಳಲಿಲ್ಲ."

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

"ಫಿರ್ ಭೀ ನಹೀಂ," ಎಂದರು. ಆದರೂ ಇಲ್ಲ.

ಅವರ ಮಾತನ್ನು ನಾನು ನಂಬುತ್ತೇನೆ. ಆದರೆ ನಿನ್ನೆ ಎಂದು ನಾನು ಮೊದಲು ಹೇಳಿದ್ದು ಅವರಿಗಲ್ಲ. ಆ ಬೆಂಚಿನ ಮೇಲೆ ಅಣ್ಣ ಎಷ್ಟು ಹೊತ್ತು ಕೂತಿದ್ದನೋ ಅಷ್ಟು ಹೊತ್ತು ನಿಜ ಹೇಳಲು ನನಗೆ ಸಮಯವಿತ್ತು.